ಎಂಟನೇ ಬಿ ಕೋಣೆಯ ಗೋಡೆ

ನಮ್ಮ ಕಾನ್ವೆಂಟ್ ಹೈಸ್ಕೂಲಿನ ಗೋಡೆಗಳು ಆಡಿದ ಮಾತನ್ನೆಲ್ಲ ಇಟ್ಟುಕೊಳ್ಳುತ್ತವೆ. ಸುಣ್ಣ ಬಳಿದರೆ ಮಾತ್ರ ಅಳಿಯುತ್ತದೆ. ಪ್ರತಿ ಮೇ ತಿಂಗಳು ಟೀಚರುಗಳ ತರಬೇತಿಗೆ ಧರ್ಮಪ್ರಾಂತ್ಯದಿಂದ ಸಿಸ್ಟರ್ ಒಬ್ಬರು ಬಂದು, ಪ್ರಾರ್ಥನೆ ಮುಗಿಸಿ, ಒಬ್ಬೊಬ್ಬರ ಹಳೆಯ ಪಾಠವೊಂದನ್ನು ಗೋಡೆಯಿಂದ ತೆಗೆದು ಎಲ್ಲರಿಗೂ ಕೇಳಿಸುತ್ತಾರೆ. ನಾನು ಇಲ್ಲಿಯ ಪ್ಯೂನ್. ಬೆಂಚು ಜೋಡಿಸುವುದು, ಚಹಾ ಕೊಡುವುದು ನನ್ನ ಕೆಲಸ.

ತರಬೇತಿಯ ಹಿಂದಿನ ದಿನ ಜೆಸಿಂತಾ ಟೀಚರ್ ನನ್ನನ್ನು ಎಂಟನೇ ಬಿ ಕೋಣೆಗೆ ಕರೆದರು.

“ಲಾದ್ರು ಅಂಕಲ್, ಈ ಗೋಡೆಗೆ ಇವತ್ತೇ ಸುಣ್ಣ ಹೊಡೀರಿ. ತೇವ ಹಿಡಿದಿತ್ತು ಅಂತ ಹೇಳುವ.”

“ಸುಗಂಧಿಯ ವಿಷಯವಾ ಟೀಚರ್?”

ಅವರು ಹೌದೆಂದರು. ಒಂಬತ್ತು ವರ್ಷದ ಹಿಂದೆ ಆ ಹುಡುಗಿ ಪ್ರಶ್ನೆಗೆ ಉತ್ತರ ಕೊಡದೆ ನಿಂತಾಗ, ‘ನಿನಗೆ ಮೀನಿನ ಬುಟ್ಟಿಯೇ ಸರಿ’ ಎಂದಿದ್ದರು. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ.

“ನಿಮಗೆ ನೆನಪುಂಟಾ?” ಟೀಚರ್ ಕೇಳಿದರು.

“ಗುಡಿಸ್ಲಿಕ್ಕೆ ಬಂದಿದ್ದೆ. ಗಂಟೆ ಹೊಡೆದು ನೀವೆಲ್ಲ ಹೋದ ಮೇಲೆ ಅವಳೊಬ್ಬಳೇ ನಿಂತು ಆ ಪ್ರಶ್ನೆಗೆ ಉತ್ತರ ಹೇಳಿದ್ಲು. ತುಂಬ ಉದ್ದ ಇತ್ತು.”

ಟೀಚರ್ ನನ್ನತ್ತ ತಿರುಗಿದರು. “ಸರಿ ಹೇಳಿದ್ಲಾ?”

“ನಾನು ಓದಿದ್ದು ಎರಡನೇ ಕ್ಲಾಸು. ನನಗೆಂತ ಗೊತ್ತಾಗ್ತದೆ?”

ಅವರು ಗೋಡೆಯ ಮೇಲೆ ಅಂಗೈ ಇಟ್ಟರು.

“ಸುಣ್ಣ ಬೇಡ,” ಎಂದರು. “ನಾಳೆ ಇದನ್ನೇ ಮೊದಲು ತೆಗೀಲಿಕ್ಕೆ ಸಿಸ್ಟರಿಗೆ ಹೇಳ್ತೇನೆ. ಗಂಟೆ ಹೊಡೆದಲ್ಲಿಗೆ ನಿಲ್ಲಿಸ್ಬಾರದು.”