ಬಟ್ಟಲಂಚಿನ ಕಲೆ

ಚಹಾ ಮತ್ತೆ ಅರ್ಧಕ್ಕೆ ಇಳಿದಿತ್ತು. ಯಾಮಿನಿ ಬಟ್ಟಲನ್ನು ಮುಟ್ಟದೆ, ಬಗ್ಗಿ ನೋಡಿದಳು. ಕಾಲು ಗಂಟೆಯ ಹಿಂದೆ ತಾನೇ ಮಾಡಿ ಕಿಟಕಿಯ ಬಳಿಯ ಮೇಜಿನ ಮೇಲಿಟ್ಟಿದ್ದ ಚಹಾ. ಮನೆಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ. ಗಂಡ ಜಯಂತ ಶಿನಾಗಾವಾದ ಆಫೀಸಿಗೆಂದು ಆರೂಮುಕ್ಕಾಲಿಗೇ ರೈಲು ಹಿಡಿಯಲು ಹೋಗಿಯಾಗಿತ್ತು. ನಾಲ್ಕು ದಿನದಿಂದ ಇದೇ ಕಥೆ. ಇವತ್ತು ಮಾತ್ರ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಬಟ್ಟಲಿನ ಅಂಚಿನಲ್ಲಿ ಮೊದಲಿನಿಂದಲೂ ಹೆಬ್ಬೆರಳಗಲದ ಕಂದು ಕಲೆಯೊಂದಿತ್ತು. ಅದರ ಮೇಲೆ ತುಟಿಯ ಗುರುತು, ಇನ್ನೂ ಹಸಿಯಾಗಿಯೇ ಇತ್ತು.

ಬಟ್ಟಲು ನೆಲಮಹಡಿಯ ಓಕುನೋ ಸಾನ್ ಅವರದು. ಜಪಾನಿನ ಎಡೋಗಾವಾದ ಆ ಲಿಫ್ಟಿಲ್ಲದ ಹಳೆಯ ಕಟ್ಟಡದಲ್ಲಿ ನಲವತ್ತು ವರ್ಷ ಚಹಾ ವಿಧಿ ಕಲಿಸಿದ ಮುದುಕಿ. ಮಂಡಿ ಆಪರೇಷನ್ನಿಗೆಂದು ಮೂರು ವಾರ ಆಸ್ಪತ್ರೆಗೆ ಹೊರಟಾಗ, ಆ ಪಿಂಗಾಣಿ ಬಟ್ಟಲನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಯಾಮಿನಿಯ ಕೈಗಿತ್ತಿದ್ದರು. ದಿನಾ ಏಳು ಗಂಟೆಗೆ ಹಸಿರು ಚಹಾದ ಪುಡಿಯನ್ನು ಬಿಸಿನೀರಿನಲ್ಲಿ ಕಡೆದು ಇಡಬೇಕು, ಕಾಲು ಗಂಟೆ ಬಿಟ್ಟು ಚೆಲ್ಲಬೇಕು. ಚಹಾದ ಜೊತೆ ಸಿಹಿ ಇಡುವ ಸಂಪ್ರದಾಯ ಉಂಟು, ಇದಕ್ಕೆ ಮಾತ್ರ ಬೇಡ. ಬಟ್ಟಲಿಗೆ ಸೋಪು ಸೋಕಿಸಲೇಬಾರದು. ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಗಂಡನಿಗೆ ಇದೊಂದು ನೈವೇದ್ಯವಿರಬೇಕು ಎಂದುಕೊಂಡು ಯಾಮಿನಿ ಒಪ್ಪಿಕೊಂಡಿದ್ದಳು. ದಿನಾ ದೇವರ ಮುಂದೆ ಹಾಲು ಸಕ್ಕರೆ ಇಡುವವಳಿಗೆ ಇದೇನು ದೊಡ್ಡ ಕೆಲಸ? ಆದರೆ ಇಟ್ಟದ್ದನ್ನು ಯಾರಾದರೂ ನಿಜವಾಗಿ ಬಂದು ಕುಡಿದು ಹೋಗಬಹುದು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಸಂಜೆ ಜಯಂತನಿಗೆ ಹೇಳಿದಳು. ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

"ಬಿಸಿ ಇರುತ್ತಲ್ವಾ, ಎವಾಪರೇಟ್ ಆಗಿರುತ್ತೆ ಬಿಡೇ."

"ಆವಿಗೆ ತುಟಿ ಇರುತ್ತೇನ್ರೀ?"

ಯಾಮಿನಿಯ ತವರಿನಲ್ಲಿ ನೀರಾಗಲಿ ಕಾಫಿಯಾಗಲಿ ಎತ್ತಿ ಕುಡಿಯುವುದೇ ಪದ್ಧತಿ. ಲೋಟಕ್ಕೆ ತುಟಿ ತಾಗಿತೋ, ಅದು ಎಂಜಲು. ಮದುವೆಯಾದ ಮೇಲೆ ಜಯಂತನಿಗೂ ಪಟ್ಟು ಹಿಡಿದು ಅದನ್ನೇ ರೂಢಿ ಮಾಡಿಸಿದ್ದಳು. ಬದುಕಿರುವವರ ಎಂಜಲೇ ಆಗದವಳು ಸತ್ತವರ ಎಂಜಲನ್ನು ದಿನಾ ಬೆಳಿಗ್ಗೆ ತೊಳೆಯುವುದು ಹೇಗೆ? ಭಯ ಹೆಚ್ಚೋ ಹೇಸಿಗೆ ಹೆಚ್ಚೋ ಅವಳಿಗೇ ತಿಳಿಯಲಿಲ್ಲ. ಮರುದಿನ ಬೀದಿಯ ಕೊಂಬಿನಿ ಅಂಗಡಿಗೆ ಹೋಗಿ ಪಾತ್ರೆಯ ಬ್ಲೀಚ್ ತಂದು, ಬಟ್ಟಲನ್ನು ಅದರಲ್ಲಿ ಮುಳುಗಿಸಿಟ್ಟಳು. ಸಂಜೆ ತೆಗೆದಾಗ ಅಂಚು ಬೆಳ್ಳಗೆ, ಈಗಷ್ಟೇ ಅಂಗಡಿಯಿಂದ ತಂದಂತೆ ಇತ್ತು. ಆಮೇಲೆ ಇಟ್ಟ ಚಹಾ ಒಂದು ಹನಿಯೂ ಕಡಿಮೆಯಾಗಲಿಲ್ಲ. ಓಕುನೋ ಸಾನ್ ಬರುವವರೆಗೂ ಯಾಮಿನಿ ಕಣ್ತುಂಬ ನಿದ್ದೆ ಮಾಡಿದಳು.

ಓಕುನೋ ಸಾನ್ ತಮ್ಮ ಮನೆಯಲ್ಲಿ ಕುಳಿತು ಬಟ್ಟಲಿನ ರೇಷ್ಮೆ ಬಟ್ಟೆ ಬಿಚ್ಚಿ, ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಬಯ್ಯಲಿಲ್ಲ. ಊರುಗೋಲು ಪಕ್ಕಕ್ಕಿಟ್ಟು ಚಹಾ ಕಡೆದು, ಎದುರಿನ ಖಾಲಿ ಚಾಪೆಯ ಮುಂದಿಟ್ಟು ಕಾದರು. ಚಹಾ ಆರಿ ತಣ್ಣಗಾಯಿತು, ಇಳಿಯಲಿಲ್ಲ. ಯಾಮಿನಿ ತನ್ನ ಹರಕುಮುರುಕು ಜಪಾನಿಯಲ್ಲಿ ಬ್ಲೀಚಿನ ಕಥೆಯನ್ನೆಲ್ಲ ಒಪ್ಪಿಕೊಂಡು, ಸುಮಿಮಾಸೆನ್, ಕ್ಷಮಿಸಿ ಎಂದು ಎಷ್ಟು ಸಲ ಬಾಗಿದಳೋ ಅವಳಿಗೇ ಲೆಕ್ಕ ಸಿಗಲಿಲ್ಲ.

"ಐವತ್ತು ವರ್ಷ ಅಂಚಿನ ಆ ಕಲೆಯ ಜಾಗದಲ್ಲೇ ಕುಡಿದವರು," ಎಂದರು ಓಕುನೋ ಸಾನ್. "ಈಗ ಎಲ್ಲಿ ಹುಡುಕುತ್ತಿದ್ದಾರೋ."

ಮುದುಕಿಗೆ ಇದ್ದ ಒಂದೇ ಒಂದು ಜೊತೆಯನ್ನು ತಾನೇ ಉಜ್ಜಿ ತೊಳೆದು ಮೋರಿಗೆ ಚೆಲ್ಲಿದಂತಾಯಿತಲ್ಲ ಎಂದು ಯಾಮಿನಿ ಕೊರಗಿದಳು. ಮರುದಿನ ಬೆಳಿಗ್ಗೆ, ಜಯಂತ ಹೋದ ಮೇಲೆ, ತನಗೆಂದು ಸ್ಟೀಲ್ ಲೋಟದಲ್ಲಿ ಕಾಫಿ ಬೆರೆಸಿ ಊಟದ ಮೇಜಿನ ಮೇಲಿಟ್ಟು ಬಾಲ್ಕನಿಯಲ್ಲಿ ಬಟ್ಟೆ ಒಣಗಹಾಕಲು ಹೋದಳು. ಹಿಂತಿರುಗಿದಾಗ ಏಳೂಕಾಲು. ಲೋಟ ಅರ್ಧ ಖಾಲಿಯಾಗಿತ್ತು. ಯಾರೂ ಎಂದೂ ತುಟಿ ತಾಗಿಸದ ಆ ಲೋಟದ ಅಂಚಿನಲ್ಲಿ, ಹೆಬ್ಬೆರಳಗಲ, ತುಟಿಯ ಗುರುತು.

ಭಯವಾಯಿತು. ಆದರೂ, ಹೋಗಿಲ್ಲ, ಇಲ್ಲೇ ಇದ್ದಾರೆ ಎಂಬ ಸಮಾಧಾನ ಅದಕ್ಕಿಂತ ದೊಡ್ಡದಿತ್ತು. ಬರಿಗಾಲಿನಲ್ಲೇ ಕೆಳಗೋಡಿ ವಿಷಯ ಹೇಳಿದಳು. ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದರೂ ಓಕುನೋ ಸಾನ್ ಬಟ್ಟಲನ್ನು ಎಳೆಯ ಮಗುವಿನಂತೆ ಅವಚಿಕೊಂಡು, ಮೂರು ಮಹಡಿ ಏರಿ ಬಂದರು. ಏದುಸಿರು ಬಿಡುತ್ತಾ ಲೋಟದ ಅಂಚನ್ನು ಬಹಳ ಹೊತ್ತು ನೋಡಿದರು.

ಲೋಟ ನೀವೇ ತೆಗೆದುಕೊಂಡು ಹೋಗಿ, ಕೆಳಗೇ ಇಡಿ ಎಂದಳು ಯಾಮಿನಿ. ಅವರು ಲೋಟವನ್ನು ಮೂಸಿ ನೋಡಿದರು.

"ಇದಕ್ಕೆ ಸಕ್ಕರೆ ಹಾಕಿದ್ದೀರಾ?"

"ಎರಡು ಚಮಚ."

ಓಕುನೋ ಸಾನ್ ಲೋಟವನ್ನು ಇದ್ದಲ್ಲೇ ಇಟ್ಟರು. "ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಡಾಕ್ಟರು ಬೇಡ ಎಂದ ದಿನದಿಂದ ನಾನು ಸಿಹಿ ಮುಟ್ಟಗೊಡಲಿಲ್ಲ. ಸತ್ತ ಮೇಲೂ."

ಆಮೇಲೆ ಊರುಗೋಲನ್ನು ಗೋಡೆಗೆ ಒರಗಿಸಿ, ಲೋಟದ ಎದುರಿನ ಕುರ್ಚಿ ಎಳೆದುಕೊಂಡು ಕುಳಿತು, ಬೆಳ್ಳನೆಯ ಬಟ್ಟಲನ್ನು ತಮ್ಮ ಮುಂದಿಟ್ಟುಕೊಂಡರು.

"ಇನ್ನು ಅವರು ಕೆಳಗೆ ಬರುವುದಿಲ್ಲ," ಎಂದರು. "ದಿನಾ ನಾನೇ ಹತ್ತಿ ಬರಬೇಕು."