ಅಪ್ಪನ ವಾಚು ಬಿಚ್ಚಿದ್ದು

ಲಕ್ವ ಹೊಡೆದು ಅಪ್ಪನ ಮಾತು ನಿಂತು, ಬಲಗೈ ಸ್ವಾಧೀನ ತಪ್ಪಿದ ಮರುದಿನವೇ ಅವರ ಹಳೆಯ ವಾಚೂ ನಿಂತಿತ್ತು. ರಿಪೇರಿಗೆ ಕೊಡೋಣವೆಂದರೆ ಅಪ್ಪ ಬೇಡವೆಂದು ತಲೆಯಾಡಿಸಿದರು. ಕೊನೆಗೆ ಮಗಳೇ ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಅದನ್ನು ಬಿಚ್ಚಲು ಕೂತಳು.

ಹಿಂದಿನ ಮುಚ್ಚಳ ತೆಗೆಯುವಷ್ಟರಲ್ಲಿ ಎರಡು ಉಗುರು ಮುರಿದವು. ಒಳಗಿನ ಯಂತ್ರವಂತೂ ಜಪ್ಪಯ್ಯ ಅಂದರೂ ಕದಲಲಿಲ್ಲ. ಮಂಚದ ಮೇಲಿಂದ ಅಪ್ಪ ಎಡಗೈ ಎತ್ತಿ, ಹೆಬ್ಬೆರಳು ತೋರುಬೆರಳು ಜೋಡಿಸಿ ಮತ್ತೆ ಮತ್ತೆ ತಿರುಗಿಸಿ ತೋರಿಸುತ್ತಿದ್ದರು.

"ಗೊತ್ತಪ್ಪಾ, ಸ್ಕ್ರೂನೇ ತಿರುಗಿಸ್ತಿದೀನಿ! ಸ್ವಲ್ಪ ಸುಮ್ನಿರ್ತೀರಾ?"

ಅಪ್ಪ ಸುಮ್ಮನಿರಲಿಲ್ಲ. ಅವಳಿಗೆ ರೇಗಿಹೋಯಿತು. ಅದೇ ಸಿಟ್ಟಿನಲ್ಲಿ ಸ್ಕ್ರೂ ಇನ್ನಷ್ಟು ಸಡಿಲಿಸಿ, ವಾಚಿನ ಪಕ್ಕದ ಗುಂಡಿಯನ್ನು ಹಿಡಿದೆಳೆದಳು. ಗುಂಡಿ ಕಡ್ಡಿ ಸಮೇತ ಕಿತ್ತು ಬಂತು. ಯಂತ್ರ ಅಂಗೈಗೆ ಬಿತ್ತು. ಸಾಸಿವೆಯಷ್ಟು ಚಿಕ್ಕ ಯಾವುದೋ ಚೂರು ಹಾರಿ ಮಂಚದಡಿ ಸೇರಿತು.

ಅಪ್ಪನ ಎಡಗೈ ಹಾಸಿಗೆಯ ಮೇಲೆ ಕುಸಿಯಿತು.

ಗಂಜಿ ಹಿಡಿದು ಬಂದ ಅಮ್ಮ ಮೇಜಿನತ್ತ ನೋಡಿದಳು.

"ಕೆಟ್ಟಿತ್ತೇನೇ ಅದು? ಇವ್ರು ದಿನಾ ಬೆಳಿಗ್ಗೆ ಕಾಫಿ ಕುಡಿದು ಅದಕ್ಕೆ ಕೀ ಕೊಡೋರು. ಮಲಗಿದ ಮೇಲೆ ಯಾರು ಕೊಟ್ರು?"