ಬಂಡೆಯ ಮೇಲಿನ ಗೂಡು

ಗ್ರಿಲ್ ಅಂಗಡಿಯಲ್ಲಿ ಕಾದ ಕಬ್ಬಿಣಕ್ಕೆ ನೀರು ಬಿದ್ದ ವಾಸನೆ ಬಂದರೆ ಹಲಸೂರಿನ ಆ ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಅಪ್ಪ ಕಮ್ಮಾರ. ಕುಲುಮೆ, ಮನೆ ಎರಡೂ ಬಂಡೆಯ ಮೇಲಿದ್ದವು. ಜಾಗ ಖಾಲಿ ಮಾಡು ಅಂತ ಆ ನೆಲದ ಧಣಿ ಹೇಳಿ ಕಳಿಸಿದ್ದ. ಕೃಷ್ಣರಾಜಪುರದಲ್ಲಿ ಜಾಗ ಕೊಡ್ತೀನಿ ಅಂತ ಅಮ್ಮನ ಅಣ್ಣ, ನನ್ನ ಮಾವ, ಅಂದಿದ್ದ. ನಾನು ಕುಲುಮೆಗೆ ಗಾಳಿ ಊದುವ ತಿದಿ ಒತ್ತುತ್ತಿದ್ದೆ. ಮಚ್ಚು ಹದ ಮಾಡಿಸಲು ಬಂದ ಚರ್ಚಿನ ಉಪದೇಶಿ, ಬೈಬಲ್ಲಿನಲ್ಲಿ ಕೇನ್ಯರು ಅಂತ ಒಂದು ಕುಲ ಇದೆ ಎಂದರು.

"ಆ ಹೆಸರಿಗೆ ಕಮ್ಮಾರರು ಅಂತ ಅರ್ಥ ಇರ್ಬೋದು ಅಂತಾರೆ. ಸ್ವಂತ ನೆಲ ಇಲ್ದೆ ಡೇರೆ ಹಾಕ್ಕೊಂಡಿದ್ರಂತೆ."

"ನಮ್ಮೋರೇ ಬಿಡಿ! ಅವರ ಬಗ್ಗೆ ಓದಿ ಅಯ್ನೋರೆ," ಎಂದ ಅಪ್ಪ.

ಕೇನ್ಯರ ವಾಸ ಗಟ್ಟಿ, ಗೂಡು ಬಂಡೆಯ ಮೇಲಿದೆ ಅಂತ ಅವರು ಚೀಲದಿಂದ ಬೈಬಲ್ ತೆಗೆದು ಓದಿದರು.

ಅಪ್ಪ ಅಂಗಾಲಿನಿಂದ ಬಂಡೆ ತಟ್ಟಿ ಅಮ್ಮನ ಕಡೆ ತಿರುಗಿದ. "ಕೇಳಿದ್ಯೇನೇ? ನಾವೆಲ್ಲೂ ಹೋಗಲ್ಲ. ನಿಮ್ಮಣ್ಣಂಗೆ ಹೇಳ್ಬಿಡು."

"ಬೈಬಲ್ ತೋರ್ಸಿದ್ರೆ ಧಣಿ ಸುಮ್ನಾಗ್ತಾನಾ?" ಎಂದಳು ಅಮ್ಮ.

"ಮುಂದಕ್ಕೇನಿದೆ ಅಯ್ನೋರೆ?" ಅಪ್ಪ ಕೇಳಿದ.

"ಅಷ್ಟೇ ಕಣಪ್ಪ." ಉಪದೇಶಿ ಪುಸ್ತಕ ಮುಚ್ಚಿ, ಮಚ್ಚು ತಗೊಂಡು ಹೋದರು.

ನಾವು ಹೋಗದೆ ಮಾವನ ಜಾಗ ಬೇರೆಯವರ ಪಾಲಾಯಿತು. ಧಣಿಯ ಆಳುಗಳು ಮದ್ದಿಟ್ಟು ಬಂಡೆ ಒಡೆದ ದಿನ ಅಪ್ಪ ತಿದಿಯನ್ನು ಹೆಗಲ ಮೇಲೆ ಹೊತ್ತು ರಸ್ತೆಯಲ್ಲಿ ನಿಂತಿದ್ದ.

ನಾನು ಮುದುಕಿಯಾದ ಮೇಲೆ ಮೊಮ್ಮಗಳು ಬೈಬಲ್ಲಿನ ಆ ಪುಟ ಓದಿದಳು. ಉಪದೇಶಿ ಓದಿ ನಿಲ್ಲಿಸಿದ್ದರ ಮರುಸಾಲಿನಲ್ಲೇ, "ಆದರೂ ಕೇನ್ಯರು ಹಾಳಾಗುತ್ತಾರೆ, ಸೆರೆಹೋಗುತ್ತಾರೆ" ಎಂದು ಇತ್ತು.